ಹುಲ್ಲಿನ ಮಷಿನ್ನಿಗೆ ಯಾವ ಎಣ್ಣೆ

ಸಾನಪಾಡಾ ಸ್ಟೇಷನ್ನಿನಲ್ಲಿ ಸಂಜೆಯ ಲೋಕಲ್ ರೈಲಿಗೆ ಕಾಯುತ್ತಿದ್ದ ಅಪರ್ಣಾಳಿಗೆ ಬೆನ್ನ ಹಿಂದಿನ ಬೆಂಚಿನಿಂದ ಉಡುಪಿ ಕಡೆಯ ಕನ್ನಡ ಕೇಳಿಸಿದ್ದೇ ತಡ, ಕಿವಿ ತಾನಾಗಿಯೇ ಅತ್ತ ವಾಲಿತು. ಗಂಡ ಹೆಂಡತಿ ತಮ್ಮ ಹೌಸಿಂಗ್ ಸೊಸೈಟಿಯ ಹಳೇ ಹುಲ್ಲು ಕತ್ತರಿಸುವ ಮಷಿನ್ನಿನ ಬಗ್ಗೆ ಮಾತಾಡುತ್ತಿದ್ದರು.

“ಅದಕ್ಕೆ ಡೀಸೆಲ್ಲಾ, ಪೆಟ್ರೋಲಾ, ಕಡೆಗೂ ಗೊತ್ತಾಯ್ತಾ?”

“ಆಯ್ತು ಮಾರಾಯ್ತಿ. ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಉಂಟು, ಹಾಗಾಗಿ ಪೆಟ್ರೋಲ್. ಆಯಿಲ್ ಹಾಕ್ಲಿಕ್ಕೆ ಬೇರೆ ಮುಚ್ಚಳ ಇಲ್ಲ, ಅಂದ್ರೆ ಟೂ ಸ್ಟ್ರೋಕ್. ನಮ್ಮ ಹಳೇ ಸ್ಕೂಟರಿನ ಹಾಗೆ ಪೆಟ್ರೋಲಿಗೇ ಆಯಿಲ್ ಬೆರೆಸ್ಬೇಕು.”

“ಬೆರೆಸಿದ್ರಾ?”

“ಮಧ್ಯಾಹ್ನವೇ ಬೆರೆಸಿ ಇಟ್ಟಿದ್ದೇನೆ. ನಾಳೆ ಬೆಳಿಗ್ಗೆ ಸ್ಟಾರ್ಟ್ ಮಾಡಿ ನೋಡೂದು.”

“ಎಂತದ್ರಲ್ಲಿ ಇಟ್ಟಿದ್ದೀರಿ?”

“ಬಾಲ್ಕನಿಯಲ್ಲಿ ಒಂದು ಖಾಲಿ ಬಾಟ್ಲಿ ಇತ್ತಲ್ಲ, ಅದರಲ್ಲಿ.”

ಹೆಂಡತಿಯ ಸ್ವರ ಒಮ್ಮೆಲೇ ಇಳಿಯಿತು.

“ಅದು ಅತ್ತೆಯ ದೀಪದೆಣ್ಣೆ ಬಾಟ್ಲಿ. ಎಳ್ಳೆಣ್ಣೆ ತುಂಬಿಸ್ಲಿಕ್ಕೆ ತೊಳೆದು ಒಣಗಿಸಿದ್ದೆ.”

“ವಾಸನೆಯಲ್ಲೇ ಗೊತ್ತಾಗ್ತದಲ್ಲ ಅಮ್ಮನಿಗೆ?”

“ವಾರದಿಂದ ನೆಗಡಿಯಾಗಿ ಅವರ ಮೂಗು ಕಟ್ಟಿದೆ. ನಾನೇ ತುಂಬಿಸಿದ್ದು ಅಂತ ದೇವರ ಕೋಣೆಗೆ ತಗೊಂಡು ಹೋಗಿರ್ತಾರೆ. ಈಗ ದೀಪ ಹಚ್ಚುವ ಹೊತ್ತು ರೀ!”

ಗಂಡ ಫೋನ್ ಕಿವಿಗಿಟ್ಟ. ಅತ್ತ ರಿಂಗ್ ಆಗುತ್ತಲೇ ಇದ್ದುದು ಅಪರ್ಣಾಳಿಗೂ ಕೇಳಿಸಿತು.

“ಎತ್ತೂದೇ ಇಲ್ಲ.”

“ದೇವರ ಮುಂದೆ ಕೂತಾಗ ಅವರು ಯಾವತ್ತು ಫೋನ್ ಮುಟ್ಟಿದ್ದಾರೆ?”

ಇಬ್ಬರೂ ಎದ್ದೆವೋ ಬಿದ್ದೆವೋ ಎಂದು ರಿಕ್ಷಾ ಸ್ಟ್ಯಾಂಡಿನತ್ತ ಓಡಿದರು. ಅಪರ್ಣಾ ತಿರುಗಿ ನೋಡುವಷ್ಟರಲ್ಲಿ ಪ್ಲಾಟ್‌ಫಾರ್ಮಿನ ದೀಪಗಳೆಲ್ಲ ಒಟ್ಟಿಗೇ ಹತ್ತಿಕೊಂಡವು.