ಇಸ್ತ್ರಿ ಬಿದ್ದ ಬಿಲ್ಲೆ

ಬೇರೆಯವರ ಮಾತು ಕೇಳಿಸಿಕೊಂಡು ಬರೆಯುವುದು ತಪ್ಪೇನೋ, ಕ್ಷಮಿಸಬೇಕು. ಜಯನಗರದಲ್ಲಿ ಇನ್ನೂ ಖಾಲಿ ಸೈಟುಗಳೇ ಹೆಚ್ಚಿದ್ದ ದಿನಗಳು. ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಅಕ್ಕ ತಂಗಿ ಇಬ್ಬರು ನಿಂತಿದ್ದರು; ಮಾತು ಅಕ್ಕನ ಮಗನದು.

“ಸೀನು ಕಾಗದ ಬಂತು ವಿಮಲಾ. ರಕ್ತದಲ್ಲಿ ಏನೂ ದೋಷ ಇಲ್ವಂತೆ.”

“ಸದ್ಯ. ಅಣುಸ್ಥಾವರದ ಕೆಲಸ ಅಂದ್ರೆ ನಂಗೆ ಮೊದ್ಲಿಂದ್ಲೂ ಭಯ ಅಕ್ಕ. ಮತ್ತೆ ಅಲ್ಲಿ ಕೆಲಸ ಮಾಡೋರು ಅಂಗಿಗೆ ಹಾಕ್ಕೊಳ್ಳೋ ಆ ಬಿಲ್ಲೆಯೊಳಗಿನ ಫಿಲ್ಮು ಕಪ್ಪಾಗಿದ್ದು?”

“ಕಿರಣ ತಾಕಿದ್ರೆ ಕಪ್ಪಾಗತ್ತಂತೆ, ಬಿಸಿ ತಾಕಿದ್ರೂ ಅಷ್ಟೇ ಅಂತೆ. ನಾನು ಅವನ ಮನೇಲಿದ್ದಾಗ, ಬಿಲ್ಲೆ ಜೇಬಲ್ಲಿರೋದು ನೋಡ್ದೆ ಅಂಗಿಗೆ ಇಸ್ತ್ರಿ ಹಾಕಿದ್ದೆ ಕಣೆ.”

“ಕೆಂಡದ ಪೆಟ್ಟಿಗೇಲಾ?”

“ಹೂಂ. ಚೆನ್ನಾಗಿ ಒತ್ತಿ.”

ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

“ನಗ್ಬೇಡ. ಆ ಕಪ್ಪು ಫಿಲ್ಮು ನೋಡಿ ಸರ್ಕಾರದ ಇನ್ಸ್‌ಪೆಕ್ಟರು ಬಂದು, ಮೂರು ದಿನ ಸ್ಥಾವರ ನಿಲ್ಲಿಸಿ ಒಂದೊಂದು ಕೊಳವೆನೂ ನೋಡಿದ್ರಂತೆ. ಮ್ಯಾನೇಜರು ಬಣ್ಣ ಬಳಿಸಿ ಮುಚ್ಚಿಟ್ಟಿದ್ದ ಬಿರುಕು ಸಿಕ್ತು.”

“ಅಯ್ಯೋ ದೇವ್ರೇ.”

“ಈಗ ಕೊಳವೆನೂ ಹೊಸದು, ಮ್ಯಾನೇಜರೂ ಹೊಸಬರು. ಆ ಫಿಲ್ಮು ನಮ್ಮೆಲ್ರನ್ನೂ ಉಳಿಸ್ತಮ್ಮ ಅಂತ ಸೀನು ಬರ್ದಿದಾನೆ.”

“ಇಸ್ತ್ರಿ ವಿಷ್ಯ ಅವನಿಗೆ ಹೇಳಿದ್ಯಾ?”

“ಇನ್ನೂ ಇಲ್ಲ. ಮುಂದಿನ ತಿಂಗಳು ಹೋಗ್ತೀನಲ್ಲ.”

“ಹೋಗಿ ಹೇಳ್ತೀಯೋ, ಇಲ್ಲ ಇನ್ನೊಂದ್ಸಲ ಇಸ್ತ್ರಿ ಹಾಕಿ ಬರ್ತೀಯೋ?”

ಬನಶಂಕರಿ ಬಸ್ಸು ಬಂತು. ಇಬ್ಬರೂ ನಗುನಗುತ್ತಲೇ ಹತ್ತಿದರು. ಮಗನಿಗೆ ಅವರು ನಿಜ ಹೇಳಿದರೋ ಇಲ್ಲವೋ, ನನಗೆ ಗೊತ್ತಿಲ್ಲ.