ಮೆತ್ತಗಾದ ಡ್ರೈವರ್ ಸೀಟು

ಯಾರೂ ಮಧ್ಯೆ ಬಾಯಿ ಹಾಕಬೇಡಿ. ಹಾಕಿದರೆ ನಾನು ಎದ್ದು ಹೋಗಿ ಮಲಗ್ತೀನಿ. ಇದು ಪೇಪರಲ್ಲಿ ಓದಿದ್ದಲ್ಲ, ನಮ್ಮ ದೊಡ್ಡಮ್ಮನ ಮಗನಿಗೆ ಆದದ್ದು. ಕುಶನ್ ಅಣ್ಣ ಅಂತೀವಲ್ಲ, ಅವನಿಗೇ.

ಅವತ್ತು ಒಂದು ಸೋಫಾ ಮುಗಿಸಿ ಅಂಗಡಿ ಮುಚ್ಚುವಾಗ ಹನ್ನೊಂದೂವರೆ. ಗಾಡಿಯ ಬಣ್ಣ ಇನ್ನೂ ಒಣಗಬೇಕು ಅಂತ ಆ ವಾರ ನಡೆದೇ ಓಡಾಡುತ್ತಿದ್ದ. ಅವರ ಗಲ್ಲಿ ಇಕ್ಕಟ್ಟು, ಗಾಡಿ ಒಳಗೆ ಹೋಗಲ್ಲ. ಗಲ್ಲಿಯ ಬಾಯಲ್ಲಿ ಒಂದು ಹಾಳು ಬಾವಿ, ಅದರ ಪಕ್ಕದಲ್ಲೇ ನಿಲ್ಲಿಸುತ್ತಿದ್ದ. ಬಾವಿ ದಾಟುವಾಗ ಕೇಳಿಸಿತು...

ಕ್ರುಂಯ್...

ಯಾರೋ ಸೀಟಿನ ಮೇಲೆ ಕೂತಾಗ ಸ್ಪ್ರಿಂಗ್ ಅದುಮಿಕೊಳ್ಳುತ್ತಲ್ಲ, ಆ ಸದ್ದು. ಬಾಗಿಲು ತೆಗೆದ ಸದ್ದಿಲ್ಲ, ಹಾಕಿದ ಸದ್ದಿಲ್ಲ. ಅಣ್ಣ ಟಾರ್ಚ್ ಬಿಟ್ಟು ನೋಡಿದ. ಬೀಗ ಹಾಕಿದ ಹಾಗೇ ಇದೆ. ಒಳಗೆ ಯಾರೂ ಇಲ್ಲ. ಆದರೆ ಡ್ರೈವರ್ ಸೀಟಲ್ಲಿ ಒಂದು ಗುಳಿ... ಅವನು ನೋಡ್ತಾ ಇದ್ದ ಹಾಗೇ ಅದು ನಿಧಾನಕ್ಕೆ ಉಬ್ಬಿ ಸಮ ಆಯಿತು.

ಆ ಸೀಟಲ್ಲಿ ಸ್ಪ್ರಿಂಗೇ ಇರಲಿಲ್ಲ ಕಣ್ರೀ. ಅವನೇ ಕೈಯಾರೆ ಕಿತ್ತು ಗುಜರಿಗೆ ಹಾಕಿದ್ದ.

ಗಾಡಿ ವಿಷಯ ಹೇಳಿಬಿಡ್ತೀನಿ. ಹಳೇ ಸ್ಟೇಷನ್ ವ್ಯಾಗನ್ನು, ಹಿಂದುಗಡೆ ಉದ್ದಕ್ಕೆ ಚಾಚಿಕೊಂಡಿರುತ್ತಲ್ಲ, ಅಂಥದ್ದು. ನಾಲ್ಕು ಲಕ್ಷ ಕಿಲೋಮೀಟರಿಗಿಂತ ಜಾಸ್ತಿ ಓಡಿತ್ತು. ಮಾರಿದವನು ಹಿಂದಿನ ಯಜಮಾನರ ಬಗ್ಗೆ ಕೇಳಿದರೆ ಮಾತು ಮರೆಸುತ್ತಿದ್ದ. ಅಣ್ಣನಿಗೆ ಆವಾಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ. ದಿನಾ ಓಡಾಡೋಕೆ ಒಂದು ಗಾಡಿ ಬೇಕು, ಅದು ಇಡೀ ಊರಲ್ಲಿ ಇನ್ನೊಂದು ಇರಬಾರದು, ಅಷ್ಟೇ ಅವನ ಹುಚ್ಚು. ಹಿಂದಿನ ಸೀಟು ಕಿತ್ತು ಪ್ಲೈವುಡ್ ಹಾಸಿ, ಕೆಳಗೆ ಸಾಮಾನಿಗೆ ಡ್ರಾಯರ್ ಮಾಡಿದ. ಮೇಲೆ ಕೆನೆ ಬಣ್ಣ, ಕೆಳಗೆ ಹಸಿರು. ಮುಂದಿನ ಎರಡು ಸೀಟಿನ ಸ್ಪ್ರಿಂಗು, ನಾರು ಎಲ್ಲ ಬಿಸಾಕಿ ದಪ್ಪ ಫೋಮ್ ಕೂರಿಸಿ ಹಸಿರು ಬಟ್ಟೆ ಹೊಲಿದ. ವೈರಿಂಗ್ ಪೂರ್ತಿ ಅತ್ತಿಗೆಯ ತಮ್ಮ ಮಾಡಿಕೊಟ್ಟ. ಅವನು ಎಲೆಕ್ಟ್ರಿಷಿಯನ್. ತಾಯಿ ಇಲ್ಲದ ಹುಡುಗ ಅಂತ ಅತ್ತಿಗೆಯೇ ಸಾಕಿ ಬೆಳೆಸಿದ್ದು. ಇವರ ಮನೆಯಲ್ಲೇ ಇದ್ದ. ಗಾಡಿಯ ಎರಡನೇ ಕೀ ಅವನ ಹತ್ತಿರ.

ಅಲ್ಲಿಗೇ ಹೋಯಿತು ನೋಡಿ ಅಣ್ಣನ ಬುದ್ಧಿ. ಬೆಳಗ್ಗೆ ನೋಡಿದರೆ ಮತ್ತೆ ಗುಳಿ. ರಾತ್ರಿ ಹೊತ್ತು ಬಾಮೈದನೇ ಗಾಡಿ ತಗೊಂಡು ಹೋಗ್ತಿದಾನೆ, ಯಾರಿಗೋ ಬಾಡಿಗೆಗೆ ಓಡಿಸ್ತಿದಾನೆ ಅಂತ ತಲೆಗೆ ಹೊಕ್ಕಿತು. ಹೊಕ್ಕಿದ್ದು ಹೊರಗೆ ಬರಲಿಲ್ಲ. ಬಟ್ಟೆ ಗುರುತು ಮಾಡೋ ನೀಲಿ ಚಾಕನ್ನ ಪುಡಿ ಮಾಡಿ ಸೀಟಿನ ಮೇಲೆ ತೆಳ್ಳಗೆ ಉದುರಿಸಿದ. ಮಾರನೇ ಬೆಳಗ್ಗೆ ಬಾಮೈದನ ಪ್ಯಾಂಟಿನ ಹಿಂದೆ... ನೀಲಿ!

"ಕಳ್ಳತನ ಬೇರೆ ಕಲ್ತಿದೀಯಾ? ಕೀ ಇಡು ಇಲ್ಲಿ."

"ಭಾವ, ನಾನು ಗಾಡಿ ಮುಟ್ಟಿಲ್ಲ."

"ಇಡು ಅಂದೆ."

ಹುಡುಗ ಕೀ ಮೇಜಿನ ಮೇಲಿಟ್ಟ, ಸ್ಕ್ರೂಡ್ರೈವರ್ ಚೀಲ ಹೆಗಲಿಗೆ ಹಾಕಿಕೊಂಡ, ಹೋದ. ಊರಿನ ಆ ತುದಿಯಲ್ಲಿ ಒಬ್ಬ ಸ್ನೇಹಿತನ ಮಹಡಿ ರೂಮಿಗೆ.

ಅತ್ತಿಗೆ ಅಡುಗೆಮನೆಯಿಂದ ಬಂದವರು ಅಣ್ಣನ ತೋಳು ಹಿಡಿದು ಕನ್ನಡಿ ಮುಂದೆ ತಿರುಗಿಸಿ ನಿಲ್ಲಿಸಿದರು. "ನಿಮ್ಮ ಪ್ಯಾಂಟು ನೋಡ್ಕೊಳ್ಳಿ." ಅದೂ ನೀಲಿ. ಅಂಗಡಿಯ ಬೆಂಚಿನ ತುಂಬಾ ಚಾಕ್ ಪುಡಿ. ಅಲ್ಲಿ ಟೀ ಕುಡಿಯೋಕೆ ಕೂತವರೆಲ್ಲ ಅಂಡು ನೀಲಿ ಮಾಡಿಕೊಂಡೇ ಏಳೋದು. ಬಾಮೈದ ದಿನಾ ಸಂಜೆ ಅಲ್ಲೇ ಕೂರ್ತಿದ್ದ. ಇಪ್ಪತ್ತು ವರ್ಷ ಆ ಕೆಲಸ ಮಾಡಿದವನಿಗೆ ಅಷ್ಟು ಹೊಳೆಯಲಿಲ್ಲ! ನನಗೆ ಈಗಲೂ ನೆನೆಸಿಕೊಂಡರೆ ಸಿಟ್ಟು ಬರುತ್ತೆ.

"ಅವನು ವಾಪಸ್ ಬರೋ ತನಕ ನನ್ನ ಮಾತಾಡಿಸ್ಬೇಡಿ," ಅಂದರು ಅತ್ತಿಗೆ. ಅಂದ ಹಾಗೇ ನಡೆದುಕೊಂಡರು. ತಟ್ಟೆ ತಂದು ಇಡೋದು, ಒಳಗೆ ಹೋಗೋದು. ಮಾತಿಲ್ಲ.

ಎರಡೂ ಕೀ ಅಣ್ಣನ ದಿಂಬಿನ ಕೆಳಗೆ. ಆದರೂ ಮುಂದಿನ ಮೂರು ಬೆಳಗ್ಗೆಯೂ ಗುಳಿ ಇತ್ತು. ಅಣ್ಣ ಆಗ ಸರಿಯಾಗಿ ನೋಡಿದ. ಕುಶನ್ ಕೆಲಸದವರಿಗೆ ಗುಳಿ ನೋಡಿದರೆ ಕೂತವರ ಮೈಕಟ್ಟು ಗೊತ್ತಾಗುತ್ತೆ. ಬಾಮೈದ ಅಗಲ ಆಳು. ಇದು ಸಣ್ಣ ಮೈ, ಎಡಗಡೆಗೆ ಭಾರ ಜಾಸ್ತಿ... ವಯಸ್ಸಾದವರು ಕೂರೋ ಥರ.

ನಾಲ್ಕನೇ ರಾತ್ರಿ ಗಾಡಿ ಒಳಗೇ ಕಾದ. ಹಿಂದೆ ಪ್ಲೈವುಡ್ ಮೇಲೆ, ಮೊಣಕಾಲು ಮಡಚಿ, ಒಳಗಿಂದ ಬಾಗಿಲು ಲಾಕ್ ಮಾಡಿಕೊಂಡು. ಒಂದು ಗಂಟೆ ಆಯಿತು. ಎರಡಾಯಿತು. ಬಾವಿ ಕಡೆಯಿಂದ ಚಪ್ಪಲಿ ಸದ್ದು... ಚರಕ್... ಚರಕ್... ಒಂದು ಕಾಲು ಎಳೆದ ಹಾಗೆ. ಗಾಡಿ ಪಕ್ಕ ನಿಂತಿತು.

ಕ್ರುಂಯ್...

ಸೀಟು ಕುಸಿಯಿತು. ಮೊದಲು ಎಡಗಡೆ, ಆಮೇಲೆ ಬಲಗಡೆ. ಅಣ್ಣ ಹಿಂದಿನಿಂದಲೇ ಕೇಳಿದ.

"ಯಾ... ಯಾರು?"

ಕಿವಿ ಹತ್ತಿರ ಅಲ್ಲ, ಮುಂದಿನ ಸೀಟಿಂದಲೇ, ಸುಸ್ತಾದ ದನಿ...

"ತುಂಬಾ ಮೆತ್ತಗೆ ಮಾಡ್ಬಿಟ್ಟೆ."

ಅಣ್ಣನ ಬಾಯಿಂದ ತಾನಾಗಿಯೇ ಬಂತಂತೆ, ಅಂಗಡಿಗೆ ಬಂದ ಗಿರಾಕಿಗೆ ಹೇಳೋ ಹಾಗೆ: "ಸರಿ ಮಾಡ್ಕೊಡ್ತೀನಿ." ಅಷ್ಟೇ ನೆನಪು. ಕಣ್ಣು ಬಿಟ್ಟಾಗ ಬಿಸಿಲು. ಗಾಡಿ ಬಾವಿ ಪಕ್ಕದಲ್ಲೇ ಇತ್ತು. ಕೀ ಎರಡೂ ಜೇಬಲ್ಲಿ.

ಮುಖ ಕೂಡ ತೊಳೆಯದೆ ಬಾಮೈದನ ರೂಮಿಗೆ ಓಡಿದ. ಕಾಲಿಗೆ ಬಿದ್ದಾದರೂ ಕರಕೊಂಡು ಬರ್ತೀನಿ ಅಂತ. ಬಾಗಿಲು ತೆಗೆದ ಹುಡುಗ ನಗ್ತಾ ಇದ್ದ. ಚೀಲ ಆಗಲೇ ಕಟ್ಟಿಟ್ಟಿದ್ದ.

"ಬನ್ನಿ ಭಾವ. ಅಂತೂ ಮೇಲೆ ಹತ್ತಿ ಬಂದ್ರಲ್ಲ."

"ತಪ್ಪಾಯ್ತು ಕಣೋ. ನಾನು ಸುಮ್ಸುಮ್ನೆ ನಿನ್ನ..."

"ಬಿಡಿ. ನಾಲ್ಕು ರಾತ್ರಿ ಬಂದು ಕೆಳಗೆ ಗಾಡಿ ನಿಲ್ಲಿಸ್ಕೊಂಡು ಕೂತಿದ್ದು ಸಾಕು. ಮೊದಲನೇ ರಾತ್ರಿ ನನಗೂ ಕೋಪ ಇತ್ತು, ಕಿಟಕಿ ಹಾಕ್ಕೊಂಡೆ. ದಿನಾ ಬಂದ್ರಲ್ಲ ಭಾವ... ನಿನ್ನೆ ಹೊತ್ತಿಗೆ ಎಲ್ಲ ಹೋಯ್ತು."

ಅಣ್ಣ ಬಾಗಿಲು ಹಿಡಿದುಕೊಂಡು ನಿಂತ.

"ಆದ್ರೆ ನಿನ್ನೆ ನೀವು ಹಿಂದೆ ಮಲಗಿದ್ರಲ್ಲ, ಬೀದಿ ದೀಪದಲ್ಲಿ ಕಾಣಿಸ್ತು. ಡ್ರೈವರ್ ಇಟ್ಕೊಂಡಿದೀರಾ?"

ಏನು ಹೇಳ್ತಾನೆ? ಹೂಂ ಅಂದ. ಇಲ್ಲ ಅಂದಿದ್ದರೆ ಹುಡುಗ ಎಲ್ಲಿ ಚೀಲ ಬಿಚ್ಚಿಬಿಡ್ತಾನೋ ಅನ್ನೋ ಭಯ. ಮನೆಗೆ ಬಂದ ಮೇಲೆ ಅತ್ತಿಗೆ ಮಾತಾಡಿದರು. ಅಣ್ಣ ಅವರಿಗೂ ಹೇಳಲಿಲ್ಲ. ನನಗೊಬ್ಬಳಿಗೇ ಹೇಳಿದ್ದು, ಅದೂ ಎಷ್ಟೋ ತಿಂಗಳಾದ ಮೇಲೆ. ಮಾತು ಕೊಟ್ಟ ಹಾಗೆ ಅವತ್ತೇ ಸೀಟಿಗೆ ಮತ್ತೆ ಸ್ಪ್ರಿಂಗ್ ಹಾಕಿದ್ದ, ಆಮೇಲೆ ಗುಳಿ ಬೀಳಲಿಲ್ಲವಂತೆ.

ಸುಳ್ಳು ಅಂತೀರಾ? ಹೋದ ವಾರ ನಾನೇ ಅವರ ಮನೆಗೆ ಹೋಗಿದ್ದೆ. ಬಾಮೈದ ಟೀ ಲೋಟ ಕೈಗೆ ಕೊಟ್ಟು ಹಾಗೇ ಕೇಳಿದ... "ಅಕ್ಕಾ, ಭಾವ ಒಬ್ಬ ಮುದುಕನ್ನ ಡ್ರೈವರ್ ಇಟ್ಕೊಂಡಿದ್ರಲ್ಲ, ಪಾಪ ಕಾಲು ಕುಂಟೋದು. ಅವನನ್ನ ಯಾಕೆ ಬಿಡಿಸಿದ್ರು?"