ಬಿಸಿಯಾಗದ ಎಂಜಿನ್ನು

ಅಲ್ಲಣ್ಣಾ, ಜೀಪಿಗೆ ಹಾಕಿರೋದು ಹೊಸ ಸ್ಪಾರ್ಕ್ ಪ್ಲಗ್ಗೇ! ಹೋದ ವಾರ ನೀನೇ ತಂದು ಹಾಕಿದ್ದಲ್ವಾ? ಮತ್ತೆ ಮಸಿ ಹಿಡ್ಕೊಂಡ್ರೆ ನಾನೇನು ಮಾಡ್ಲಿ... ಹಾಗೆ ನೋಡ್ಬೇಡ ನನ್ನ. ಮಸಿ ಹಚ್ಚಿದ್ದು ನಾನಾ?

ತಗೋ, ಬಟ್ಟೆ. ಮೂಸಿ ನೋಡಿದ್ಯಲ್ಲ, ಏನು ವಾಸನೆ? ಪೆಟ್ರೋಲಾ? ಆಯಿಲ್ ಅಲ್ಲ ತಾನೇ? ಆಯಿಲ್ ಆದ್ರೆ ಎಂಜಿನ್ನೇ ಬಿಚ್ಚಬೇಕು ಅಂದಿದ್ರು ನಮ್ಮ ಯಜಮಾನ್ರು. ಮಲಗಿದ್ದಲ್ಲಿಂದ್ಲೇ ಹೇಳ್ತಾರಪ್ಪ ಎಲ್ಲಾನೂ! ನಾನು ಇಲ್ಲಿ ಶೆಡ್ಡಲ್ಲಿ ಕೀ ತಿರುಗಿಸಿದ್ರೆ ಸಾಕು, ಆ ಕಿಟಕಿಯಿಂದ ಕೂಗು: "ಏ, ಮೂರನೇ ಪ್ಲಗ್ಗು ಮಿಸ್ ಹೊಡೀತಿದೆ ಕಣೇ, ಚೋಕ್ ತಳ್ಳು ಒಳಗೆ!"... ನಗು ಬರುತ್ತಾ? ನಗು, ನಗು. ಸೊಂಟದಿಂದ ಕೆಳಗೆ ಜೀವ ಇಲ್ಲ, ಕಿವಿ ಮಾತ್ರ ಮೆಕ್ಯಾನಿಕ್ ಕಿವಿ. ದಾರಿಯೇ ಇಲ್ಲದ ಕಡೆ, ಆ ಕಲ್ಲುಗುಡ್ಡಕ್ಕೆ ಇದೇ ಜೀಪಲ್ಲಿ ಜನರನ್ನ ಹತ್ತಿಸ್ತಿದ್ದ ಮನುಷ್ಯ! ಅಲ್ಲೆಲ್ಲೂ ಒಂದು ಗೀರು ಬೀಳಲಿಲ್ಲ. ಬಿದ್ದಿದ್ದು ಮನೆ ಮೆಟ್ಟಿಲಿಂದ.

ಏರ್ ಫಿಲ್ಟರಾ? ನೀನೇ ಊದಿ ಹಾಕಿದ್ದೀಯ. ಕಾರ್ಬುರೇಟರ್ ತೊಳೆದಿದ್ದಾಯ್ತು, ವೈರ್ ಬದಲಾಯಿಸಿದ್ದಾಯ್ತು. ಆದ್ರೂ ಈಗಂತೂ ಬರೀ ಕೆಮ್ಮುತ್ತೆ, ಸ್ಟಾರ್ಟೇ ಆಗಲ್ಲ... ಏನು, ನಾಲ್ಕೂ ಒಂದೇ ಥರ ಕಪ್ಪಾ? ಅಂದ್ರೆ?... ಒಂದೇ ಆಗಿದ್ರೆ ಅದರ ದೋಷ. ನಾಲ್ಕೂ ಆದ್ರೆ ಓಡಿಸೋರ ದೋಷ ಅಂತೀಯಾ?

ಓಡಿಸ್ತಿದ್ನಲ್ಲ! ದಿನಾ ಓಡಿಸ್ತಿದ್ದೆ. ಮಧ್ಯಾಹ್ನ ಅವರಿಗೆ ಊಟ ಮಾಡಿಸಿ, ಮೈ ಒರೆಸಿ, ಮಗ್ಗುಲು ಬದಲಾಯಿಸಿ ಮಲಗಿಸಿದ್ಮೇಲೆ... ಆ ಕೆಂಪು ಮಣ್ಣಿನ ಏರು ಇದೆಯಲ್ಲ, ಅಲ್ಲೀವರೆಗೂ ಹೋಗಿ ಬರ್ತಿದ್ದೆ. ಎಂಜಿನ್ ಚೆನ್ನಾಗಿ ಬಿಸಿಯಾಗ್ತಿತ್ತು...

ಬಗ್ಗಿ ಏನು ನೋಡ್ತಿದ್ದೀಯ, ಚಕ್ರದ ಹತ್ರ?

ಜೇಡರ ಬಲೆ. ಇರುತ್ತಪ್ಪ, ಶೆಡ್ಡು ಅಂದ್ಮೇಲೆ. ನಿನ್ನೆ ಮೊನ್ನೆ ಕಟ್ಟಿರುತ್ತೆ... ಟೈರಿಂದ ಗೋಡೆವರೆಗೂ... ಧೂಳು ಕೂತಿದೆ, ಹೌದು. ಒಣಗಿದ ಎಲೆ ಸಿಕ್ಕೊಂಡಿದೆ, ಹೌದು! ಏನೀಗ?

ಅಣ್ಣಾ, ಬೈದಾದ್ರೂ ಬಿಡು. ಸ್ಪ್ಯಾನರ್ ಎತ್ತಿ ಪೆಟ್ಟಿಗೆಗೆ ಹಾಕ್ಬೇಡ.

...ಸರಿ. ಓಡಿಸಿಲ್ಲ. ಸ್ಟಾರ್ಟ್ ಮಾಡ್ತೀನಿ, ಅಷ್ಟೆ. ಚೋಕ್ ಎಳೀತೀನಿ, ಕ್ಲಚ್ ತುಳೀತೀನಿ, ಗೇರಿಗೆ ಹಾಕ್ತೀನಿ. ಇವತ್ತು ಹೋಗೇಬಿಡೋದು ಅಂತ. ಎಲ್ಲಿಗೆ ಅಂತ ಕೇಳ್ಬೇಡ, ಗೊತ್ತಿಲ್ಲ. ಆ ಮದ್ದಿನ ವಾಸನೆ ಇಲ್ಲದ ಕಡೆ, ಎಲ್ಲಿಗಾದ್ರೂ. ಅಷ್ಟರಲ್ಲಿ ಅನ್ಸುತ್ತೆ, ನೀರು ಕೇಳಿದ್ರೆ? ನಿದ್ದೇಲಿ ಬೆಚ್ಚಿ ನನ್ನ ಕರೆದ್ರೆ? ಆಫ್ ಮಾಡಿಬಿಡ್ತೀನಿ. ಮಾರನೇ ದಿನ ಮತ್ತೆ ಅದೇ. ಚೋಕ್ ಎಳೆದಾಗ ಜಾಸ್ತಿ ಬಂದ ಪೆಟ್ರೋಲು ಪೂರ್ತಿ ಸುಡೋದ್ರೊಳಗೇ ಆಫ್. ಮಸಿ ಹಿಡೀದೆ ಇನ್ನೇನಾಗುತ್ತೆ? ನನಗೆ ಗೊತ್ತಿಲ್ವಾ ಅದು?

ಅವರಿಗೆ ಮಾತ್ರ ಗೊತ್ತಿಲ್ಲ. ಬ್ಯಾಟರಿ ಇಳಿದುಹೋಗ್ಬಾರ್ದು ಅಂತ ಸ್ಟಾರ್ಟ್ ಮಾಡ್ತೀನಿ ಅಂದಿದ್ದೀನಿ. ನಂಬಿದ್ದಾರೆ.

ನಂಬಿದ್ದಾರೆ ತಾನೇ?

ಯಾಕೆ ತಲೆ ತಗ್ಗಿಸ್ತೀಯ?... ಇವತ್ತು ನಿನ್ನ ಬಾ ಅಂದಿದ್ದು ಯಾರು? ನಾನಂತೂ ಫೋನ್ ಮಾಡಿಲ್ಲ... ಅವರಾ? ಏನಂದ್ರು? ಹೇಳಣ್ಣಾ. "ಅವಳು ದಿನಾ ಹೊರಡ್ತಾಳೆ, ಗಾಡಿ ಕೈಕೊಡ್ತಿದೆ, ಸರಿ ಮಾಡಿಕೊಡು" ಅಂದ್ರಾ?

ಇಲ್ಲ ಅನ್ನು. ಒಂದೇ ಒಂದು ಸಲ, ಸುಳ್ಳಾದ್ರೂ ಸರಿ, ಇಲ್ಲ ಅನ್ನು...

ಅನ್ನಲ್ವಾ?

ಅಯ್ಯೋ. ತಾನಾಗೇ ಕಳಿಸಿಕೊಡೋ ಮನುಷ್ಯನ್ನ ಬಿಟ್ಟು ಇನ್ನು ಹೆಂಗಣ್ಣಾ ಹೋಗ್ಲಿ ನಾನು?